ರೀಪ್ಲೇ ಬೇಡವೆಂದ ಸೀತಾಲಕ್ಷ್ಮಿ

ಸರ್ವಜ್ಞನಗರದ ವಿಮಾ ನೌಕರರ ಕಾಲೊನಿಯಲ್ಲಿ ಎರಡು ಬ್ಲಾಕುಗಳ ನಡುವೆ ಒಂದು ಶಟಲ್ ಕೋರ್ಟಿದೆ. ಅದರ ಗೆರೆಗಳನ್ನು ಎಳೆದವರು ಕಾಲೊನಿಯವರೇ. ಗೇಟಿಗೆ ಬಳಿದು ಮಿಕ್ಕಿದ್ದ ಬಿಳಿ ಪೇಂಟಿನಲ್ಲಿ, ಹಗ್ಗ ಹಿಡಿದು ಎಳೆದದ್ದು. ಕೋರ್ಟಿನ ಮೇಲೆ ಓರೆಯಾಗಿ ಒಂದು ಟಿವಿ ಕೇಬಲ್ ಹಾದುಹೋಗಿದೆ. ಕಾಕ್ ಅದಕ್ಕೆ ತಗುಲಿದರೆ ಯಾರಿಗೂ ಪಾಯಿಂಟ್ ಇಲ್ಲ, ರೀಪ್ಲೇ. ಅಂಪೈರ್ ಇಲ್ಲದ ಆಟವಾದ್ದರಿಂದ ಇನ್ನೊಂದು ಕಟ್ಟಳೆಯೂ ಮೊದಲಿನಿಂದ ನಡೆದುಬಂದಿತ್ತು. ಕಾಕ್ ಯಾರ ಕಡೆ ಬಿತ್ತೋ, ಅದು ಗೆರೆಯ ಒಳಗೋ ಹೊರಗೋ ಎಂದು ಹೇಳಬೇಕಾದವರು ಆ ಕಡೆಯವರು. ಎದುರಿನವರು ಅದನ್ನು ಒಪ್ಪಿಕೊಳ್ಳಬೇಕು.

ಗಂಡಸರು ಗಂಡಸರೊಡನೆ ಆಡುವಾಗ ಈ ಕಟ್ಟಳೆಗೆ ಕುಂದು ಬರುತ್ತಿರಲಿಲ್ಲ. ಹೆಂಗಸರು ಸೇರಿದರೆ ಮಾತ್ರ ಕೇಬಲ್ಲಿನ ರೀಪ್ಲೇ ನೆಲಕ್ಕಿಳಿದು ಬರುತ್ತಿತ್ತು. ಹೆಂಗಸೊಬ್ಬಳು ‘ಔಟ್’ ಎಂದರೆ ಸಾಕು, ಎದುರಿನವರು ನಕ್ಕು, ‘ಹೋಗ್ಲಿ ಬಿಡಿ, ರೀಪ್ಲೇ’ ಎನ್ನುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ. ಮರ್ಯಾದೆಯಿಂದಲೇ ಅವಳ ಮಾತು ಅಳಿಸಿಹೋಗುತ್ತಿತ್ತು.

ಸೀತಾಲಕ್ಷ್ಮಿಗೆ ಈ ಮರ್ಯಾದೆ ಹೊಸದಲ್ಲ. ಈ ಕಾಲೊನಿಗೆ ಮದುವೆಯಾಗಿ ಬಂದ ವರ್ಷವೇ ಅವಳಿಗೆ ಶಿವಾಜಿನಗರದ ಆಫೀಸೊಂದರಿಂದ ಟೈಪಿಸ್ಟ್ ಕೆಲಸಕ್ಕೆ ಕರೆ ಬಂದಿತ್ತು. ‘ಹೋಗ್ತೀನಿ’ ಎಂದಳು. ಮಾವನವರು ಬೇಡವೆನ್ನಲಿಲ್ಲ, ‘ನೋಡೋಣಮ್ಮ’ ಎಂದರು. ಅವರು ನೋಡುತ್ತಿರುವಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದರು. ಅಡುಗೆಮನೆಯ ಗೋಡೆಗೆ ನೀರಿಳಿಯುತ್ತಿದೆ, ಒಳಗೆ ಪೈಪ್ ಒಡೆದಿದೆ ಎಂದಳು. ‘ನೋಡೋಣ’ ಎಂದರು ಗಂಡ. ಗೋಡೆಯ ಗಾರೆ ಬೇಳೆಯ ಡಬ್ಬಗಳ ಮೇಲೆ ಉದುರಿದ ಮೇಲೆ ಪ್ಲಂಬರ್ ಬಂದ. ಆ ಮನೆಯಲ್ಲಿ ಅವಳ ಮಾತನ್ನು ಯಾರೂ ತೆಗೆದುಹಾಕಿದ್ದಿಲ್ಲ. ಹಾಗೆಂದು ಇಟ್ಟುಕೊಂಡವರೂ ಇಲ್ಲ.

ಗಂಡ ಇದ್ದಾಗ ಅವರು ಆಡುತ್ತಿದ್ದರು, ಇವಳು ಬೆಂಚಿನ ಮೇಲೆ ಟವೆಲ್ ಹಿಡಿದು ಕೂತಿರುತ್ತಿದ್ದಳು. ಅವರು ಹೋದ ಮೇಲೆ ಒಂದು ದಿನ ಚೂಡಿದಾರ ತೊಟ್ಟು, ಕ್ಯಾನ್ವಾಸ್ ಶೂ ಹಾಕಿಕೊಂಡು ತಾನೇ ಕೋರ್ಟಿಗಿಳಿದಳು. ಆಡಿಕೊಂಡವರು ಆಡಿಕೊಂಡರು. ಬಾಲ್ಕನಿಯಿಂದ ನೋಡಿದವರು ನೋಡಿದರು. ಅವಳು ಮರುದಿನವೂ ಇಳಿದಳು.

ಆ ಬೆಳಿಗ್ಗೆ ಅವಳೂ ಪಕ್ಕದ ಬೀದಿಯ ಟೀಚರ್ ವಾಜಿದಾಳೂ ಒಂದು ಕಡೆ. ಎದುರಿಗೆ ಕಾಲೊನಿಯ ಸೆಕ್ರೆಟರಿ ಗುರುರಾಜ್, ಜೊತೆಗೆ ಎರಡನೇ ಮಹಡಿಯ ಜಯಂತ್. ಇಪ್ಪತ್ತೊಂದು ಪಾಯಿಂಟಿನ ಆಟ, ಎರಡೂ ಕಡೆ ಹತ್ತೊಂಬತ್ತು. ಜಯಂತ್ ಎತ್ತರಕ್ಕೆ ಹಾರಿ ಹೊಡೆದ ಕಾಕ್ ಸೀತಾಲಕ್ಷ್ಮಿಯ ತಲೆಯ ಮೇಲೆ ಹಾದುಹೋಯಿತು. ಅವಳು ಬ್ಯಾಟ್ ಎತ್ತಲಿಲ್ಲ. ತಿರುಗಿ ನಿಂತು ಅದು ಬೀಳುವುದನ್ನು ನೋಡಿದಳು. ಹಿಂದಿನ ಗೆರೆಯಿಂದ ನಾಲ್ಕು ಬೆರಳು ಆಚೆ ಬಿತ್ತು.

“ಔಟ್,” ಎಂದಳು.

“ಔಟಾ?” ಎಂದರು ಗುರುರಾಜ್. “ನನಗೇನೋ ಲೈನ್ ಮೇಲೆ ಬಿದ್ದ ಹಾಗೆ ಕಾಣ್ತು. ಹೋಗ್ಲಿ ಬಿಡಿ, ರೀಪ್ಲೇ.”

“ರೀಪ್ಲೇ ಬೇಡ. ಇಪ್ಪತ್ತು, ಹತ್ತೊಂಬತ್ತು. ಸರ್ವೀಸ್ ನಮ್ದು.”

ಜಯಂತ್ ನಕ್ಕ. “ಆಂಟಿ, ಒಂದ್ ಪಾಯಿಂಟ್ ತಾನೇ?”

“ಒಂದೇ ತಾನೇ? ಹಾಗಿದ್ರೆ ಕೊಟ್ಬಿಡಪ್ಪ.”

ಬೆಂಚಿನ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದ ಕೆಳಮನೆಯ ಮಂಜುಳಮ್ಮ ತಲೆಯೆತ್ತಿದರು. “ಕೊಡೋ ಜಯಂತ. ನಿಮ್ಮಪ್ಪ ಬರೆದಿಟ್ಟ ಸೈಟೇನೋ ಅದು?”

“ಸೀತಾಲಕ್ಷ್ಮಿ ಅವ್ರೇ, ನೀವು ಸುಳ್ಳು ಹೇಳ್ತಿದೀರ ಅಂತ ನಾವು ಅಂತಿಲ್ಲ,” ಎಂದರು ಗುರುರಾಜ್.

“ನಿಜ ಹೇಳ್ತಿದೀನಿ ಅಂತಾನೂ ಅಂತಿಲ್ವಲ್ಲ.”

ವಾಜಿದಾ ಹತ್ತಿರ ಬಂದು ಮೆಲ್ಲಗೆ, “ಅಕ್ಕಾ, ಜಾನೇ ದೋ, ಬಿಟ್ಬಿಡಿ. ಇನ್ನೊಂದ್ಸಲ ಆಡಿ ಗೆದ್ಬಿಡೋಣ,” ಎಂದಳು.

“ಗೆದ್ದಿರೋದನ್ನ ಇನ್ನೊಂದ್ಸಲ ಯಾಕೆ ಗೆಲ್ಬೇಕು? ನೀನು ಅದು ಬಿದ್ದಿದ್ದು ನೋಡಿದ್ಯಾ?”

“ಇಲ್ಲ. ನಾನು ನೆಟ್ ಹತ್ರ ಇದ್ದೆ.”

“ಅವರೂ ನೆಟ್ಟಿಂದ ಆಚೆ ಇದ್ರು. ನೋಡಿದೋಳು ನಾನೊಬ್ಳೇ.”

ಹೀಗೆಂದು ಸರ್ವೀಸಿನ ಚೌಕದಲ್ಲಿ ಹೋಗಿ ನಿಂತಳು. ಗುರುರಾಜ್ ಕಾಕ್ ಕೊಡಲಿಲ್ಲ. ಅವಳು ಕದಲಲಿಲ್ಲ. ಮುಂದಿನ ಆಟಕ್ಕೆ ಕಾದಿದ್ದವರು ಗೊಣಗಿದರು. ಜಯಂತನ ಆಫೀಸಿನ ಕ್ಯಾಬ್ ಗೇಟಿನಲ್ಲಿ ಹಾರನ್ ಮಾಡಿತು. ಆಟ ಅಲ್ಲಿಗೇ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿಯ ಹೊಸ ನಿಯಮ ಬಂತು. ಇನ್ನು ಮುಂದೆ ಯಾರಿಗೆ ಅನುಮಾನ ಬಂದರೂ ಆ ಪಾಯಿಂಟ್ ರೀಪ್ಲೇ ಆಗತಕ್ಕದ್ದು, ಇದರಲ್ಲಿ ವಾದಕ್ಕೆ ಅವಕಾಶವಿಲ್ಲ. ಕೆಳಗೆ ಒಂದಿಷ್ಟು ಜನ ಹೆಬ್ಬೆಟ್ಟು ಎತ್ತಿದರು. ಸೀತಾಲಕ್ಷ್ಮಿ ಅದನ್ನು ಎರಡು ಸಲ ಓದಿದಳು. ಯಾರಿಗೆ ಅನುಮಾನ ಬಂದರೂ ಎಂದಿತ್ತು. ಗಂಡಸರಿಗೆ ಬಂದರೆ ಎಂದಿರಲಿಲ್ಲ. ಅವಳೂ ಹೆಬ್ಬೆಟ್ಟು ಎತ್ತಿ ಫೋನು ಕೆಳಗಿಟ್ಟಳು.

ಮರುದಿನ ಅದೇ ನಾಲ್ವರು ಇಳಿದರು. ಹೊಸ ಆಟ ಎಂದರು ಗುರುರಾಜ್, ಅವಳು ತನ್ನ ಚೌಕಕ್ಕೆ ಹೋದಳು. ಮೂರು ಎರಡಾಗುವ ತನಕ ಎಲ್ಲವೂ ಸರಾಗ. ಆಮೇಲೆ ವಾಜಿದಾ ಹೊಡೆದದ್ದು ಎದುರಿನ ಪಕ್ಕದ ಗೆರೆಯ ಹತ್ತಿರ ಬಿತ್ತು. ಗುರುರಾಜ್ “ಔಟ್” ಎಂದರು.

“ನನಗೆ ಇಲ್ಲಿಂದ ಸರಿಯಾಗಿ ಕಾಣ್ಲಿಲ್ಲ. ರೀಪ್ಲೇ,” ಎಂದಳು ಸೀತಾಲಕ್ಷ್ಮಿ.

ಗುರುರಾಜ್ ಮತ್ತೆ ಆಡಿದರು. ಈ ಸಲ ಜಯಂತ್ “ಔಟ್” ಎಂದ.

“ಅದೂ ಕಾಣ್ಲಿಲ್ಲಪ್ಪ. ರೀಪ್ಲೇ.”

“ಆಂಟಿ, ಒಂದಡಿ ಆಚೆ ಬಿದ್ದಿದೆ.”

“ಇರ್ಬಹುದು. ನಾನು ಸುಳ್ಳು ಅಂತಿಲ್ವಲ್ಲ. ನೆಟ್ಟಿನ ಈಚೆ ಇರೋಳಿಗೆ ಆಚೆಯ ಗೆರೆ ಹೆಂಗೆ ಕಾಣ್ಬೇಕು, ಹೇಳು.”

ವಾಜಿದಾ ದುಪ್ಪಟ್ಟದಲ್ಲಿ ಬಾಯಿ ಮುಚ್ಚಿಕೊಂಡಳು. ಅದರ ಮುಂದಿನದಕ್ಕೆ ಅವಳಿಗೇ ಅನುಮಾನ ಬಂತು. “ಸರ್, ಸಾರಿ. ಸೂರ್ಯ ಕಣ್ಣಿಗೆ ಹೊಡೀತಿದ್ದಾನೆ. ರೀಪ್ಲೇ.”

ಆಟ ಮೂರು ಎರಡರಲ್ಲೇ ಕೂತಿತು. ಗುರುರಾಜ್ ಬೆವರಿದರು. ಕಾದು ನಿಂತಿದ್ದವರಲ್ಲಿ ಒಬ್ಬ, “ಮಗಾ, ಇವತ್ತು ನಮ್ ಟರ್ನ್ ಬರಲ್ಲ, ಇಡ್ಲಿ ತಿನ್ನೋಕೆ ಹೋಗೋಣ ನಡಿ,” ಎಂದ. ಇನ್ನೊಬ್ಬ, “ಸಾರ್, ಈ ರೂಲ್ ಯಾರ್ ಮಾಡಿದ್ದು?” ಎಂದು ಗೊತ್ತಿದ್ದೂ ಕೇಳಿದ.

“ಮಾಡಿದೋರು ಅಲ್ಲೇ ಬೆವರ್ತಾ ಇದ್ದಾರೆ, ನೋಡು,” ಎಂದರು ಮಂಜುಳಮ್ಮ.

ಗುರುರಾಜ್ ನೆಟ್ಟಿನ ಹತ್ತಿರ ಬಂದರು. “ಇದು ಆಟಾನಾ, ಸೀತಾಲಕ್ಷ್ಮಿ ಅವ್ರೇ? ನಾನು ಪಕ್ಕದಲ್ಲೇ ನಿಂತು ನೋಡಿ ಹೇಳಿದ್ದೀನಿ. ನನ್ನ ಮಾತಿಗೆ ಬೆಲೆ ಇಲ್ವಾ?”

ಆ ಪ್ರಶ್ನೆಯನ್ನು ಅವಳು ಎಷ್ಟೋ ಕಾಲದಿಂದ ಬಾಯಲ್ಲೇ ಇಟ್ಟುಕೊಂಡಿದ್ದಳು. ಅದು ಈಗ ಗುರುರಾಜರ ಬಾಯಿಂದ ಬಂದದ್ದು ಅವಳಿಗೆ ವಿಚಿತ್ರವಾಗಿ ಕೇಳಿಸಿತು.

“ನಿನ್ನೆ ನಾನೂ ಪಕ್ಕದಲ್ಲೇ ನಿಂತು ನೋಡಿದ್ದೆ,” ಎಂದಳು.

ಗುರುರಾಜ್ ಬ್ಯಾಟಿನ ತಂತಿಗಳನ್ನು ಬೆರಳಿನಿಂದ ಸರಿಮಾಡಿದರು. ಅವು ಸರಿಯಾಗಿಯೇ ಇದ್ದವು. “ಸರಿ. ಹಳೇ ರೂಲೇ ಇರ್ಲಿ. ಅವರವರ ಕಡೇದು ಅವರವರೇ ಹೇಳ್ಲಿ. ಹೆಂಗಸರಿಗೂ ಸೇರಿ. ಆಯ್ತಲ್ಲ? ಈಗ ಲವ್ ಆಲ್, ಸೊನ್ನೆಯಿಂದ ಶುರು ಮಾಡೋಣ.”

“ಯಾಕೆ? ನಿನ್ನೆಯ ಆಟ ಮುಗಿದಿಲ್ಲ. ಇಪ್ಪತ್ತು, ಹತ್ತೊಂಬತ್ತು. ಸರ್ವೀಸ್ ನಮ್ದು.”

“ನಿನ್ನೇದು ನಿನ್ನೆಗೆ ಹೋಯ್ತಲ್ಲ ಆಂಟಿ,” ಎಂದ ಜಯಂತ್.

“ಹೋಗಿಲ್ಲಪ್ಪ. ನಾನು ಇಲ್ಲೇ ಹಿಡ್ಕೊಂಡು ನಿಂತಿದೀನಿ.”

ಅವಳು ಬಲಗಡೆಯ ಚೌಕಕ್ಕೆ ಹೋಗಿ ನಿಂತಳು. ಪಾಯಿಂಟು ಸರಿಸಂಖ್ಯೆಯಾದರೆ ಬಲದಿಂದ, ಬೆಸಸಂಖ್ಯೆಯಾದರೆ ಎಡದಿಂದ ಸರ್ವೀಸು. ಇಪ್ಪತ್ತಕ್ಕೆ ಬಲವೇ. ಗುರುರಾಜ್ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕಾಕನ್ನು ನೆಟ್ಟಿನ ಕೆಳಗೆ ಅವಳತ್ತ ತಳ್ಳಿ, ಎದುರಿನ ಚೌಕದಲ್ಲಿ ಮಂಡಿ ಬಗ್ಗಿಸಿ ನಿಂತರು. ಮನಸ್ಸಿನಲ್ಲಿ ಅವರು ಯಾವ ಲೆಕ್ಕದಿಂದ ಆಡಲು ನಿಂತಿದ್ದಾರೋ ಅವಳಿಗೆ ತಿಳಿಯಲಿಲ್ಲ. ಅದನ್ನೇ ಯೋಚಿಸುತ್ತ ಸರ್ವೀಸ್ ಮಾಡಿದಳು. ಕಾಕ್ ನೆಟ್ಟಿಗೆ ಬಡಿದು ಅವಳ ಕಡೆಯೇ ಬಿತ್ತು.

ಗುರುರಾಜರ ಮುಖ ಅರಳಿತು. ಬ್ಯಾಟ್ ಮೇಲೆತ್ತಿ ಇಡೀ ಕಾಲೊನಿಗೆ ಕೇಳುವಂತೆ ಕೂಗಿದರು, “ಟ್ವೆಂಟಿ ಆಲ್.”

ವಾಜಿದಾ ತಲೆ ಚಚ್ಚಿಕೊಂಡಳು. “ಅಯ್ಯೋ ಅಕ್ಕಾ, ಕೈಗೆ ಬಂದಿದ್ದನ್ನ ಕಳ್ಕೊಂಡ್ಬಿಟ್ರಿ.”

“ಏನೂ ಕಳ್ಕೊಂಡಿಲ್ಲ. ಅವರು ಏನಂತ ಕೂಗಿದ್ರು, ಕೇಳಿಸ್ಕೊಂಡ್ಯಾ? ಎರಡು ಕಡೆಗೂ ಇಪ್ಪತ್ತು. ನಮ್ಮ ಇಪ್ಪತ್ತರಲ್ಲಿ ನಿನ್ನೆಯ ಆ ಪಾಯಿಂಟೂ ಸೇರಿದೆ.”

ವಾಜಿದಾ ಒಂದು ಕ್ಷಣ ಲೆಕ್ಕ ಹಾಕಿ, ಆಮೇಲೆ ಗುರುರಾಜರ ಕಡೆ ತಿರುಗಿ ಜೋರಾಗಿ ನಕ್ಕಳು. ಏಕೆ ನಗುತ್ತಿದ್ದಾಳೆಂದು ಅವರಿಗೆ ತಿಳಿಯಲಿಲ್ಲ. ಸರ್ವೀಸ್ ಈಗ ಅವರದು, ಇಪ್ಪತ್ತಕ್ಕೆ ಸಮವಾದ್ದರಿಂದ ಗೆಲ್ಲುವವರು ಎರಡು ಪಾಯಿಂಟ್ ಮುಂದೆ ಹೋಗಬೇಕು.

ಸೀತಾಲಕ್ಷ್ಮಿ ಕಾಕನ್ನು ಎತ್ತಿ, ಮುದುರಿದ್ದ ಗರಿಯೊಂದನ್ನು ನೇರ ಮಾಡಿ, ನೆಟ್ಟಿನ ಮೇಲಿಂದ ಅವರ ಕೈಗೇ ಎಸೆದಳು.

“ಹಾಕಿ,” ಎಂದಳು.