ಝುಮಕಿ ಸರಿಮಾಡಿಕೊಂಡ ಕೈ

ನನಗೆ ಗುರುಗಳಿದ್ದರು.

ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾದವು. ‘ಗುರುವಿಲ್ಲದೆ, ರೇಡಿಯೋ ಕೇಳಿಯೇ ಪಿಟೀಲು ಕಲಿತ ಹುಡುಗಿ’ ಎಂದು ಹಾವೇರಿ ಕಡೆಯ ಕೆಲವರಿಗಾದರೂ ನನ್ನ ನೆನಪಿದ್ದೀತು. ಪತ್ರಿಕೆಯಲ್ಲಿ ಹಾಗೆಯೇ ಬಂದಿತ್ತು, ನನ್ನ ಹದಿನಾರು ವರ್ಷದ ಮುಖದ ಜೊತೆಗೆ. ಅದು ಸುಳ್ಳು. ಹೇಳಿದವಳು ನಾನೇ — ಪತ್ರಿಕೆಯವರಲ್ಲ, ಅಪ್ಪನೂ ಅಲ್ಲ. ‘ಗುರುವಿಲ್ಲದೆ ಕಲಿತ ಬಗೆಯನ್ನು ಬರೆದುಕೊಡಿ’ ಎಂದು ಈ ಪತ್ರಿಕೆಯ ಸಂಪಾದಕರು ಕೇಳಿದಾಗ ಒಪ್ಪಿಕೊಂಡೆ. ಒಪ್ಪಿ, ಎರಡು ವಾರ ಏನೂ ಬರೆಯದೆ ಕುಳಿತೆ. ಅವರು ಕೇಳಿದ್ದು ಇದನ್ನಲ್ಲ. ಆದರೆ ನನ್ನ ಬಳಿ ಬರೆಯಲು ಇರುವುದು ಇದೊಂದೇ.

ಅಪ್ಪ ಆಗ ಬ್ಯಾಡಗಿಯ ಕಚೇರಿಯೊಂದರಲ್ಲಿ ಗುಮಾಸ್ತರು. ನನಗೆ ಹನ್ನೊಂದು ವರ್ಷ. ಅವ್ವನ ಹೊಲಿಗೆ ಮಶೀನು ಕೆಟ್ಟಿತೆಂದು ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅಪ್ಪ ರಿಪೇರಿ ಅಂಗಡಿಗೆ ಹೊರಟರು. ಜಾರದಂತೆ ಹಿಡಿದುಕೊಂಡು ಹಿಂದೆ ನಡೆದವಳು ನಾನು. ಅಂಗಡಿಯ ಗೋಡೆಯ ಮೇಲೆ, ಮಶೀನಿನ ಬೆಲ್ಟುಗಳ ಪಕ್ಕದಲ್ಲಿ, ಹಳೆಯ ಲುಂಗಿಯಲ್ಲಿ ಸುತ್ತಿದ ಪಿಟೀಲೊಂದು ತೂಗುತ್ತಿತ್ತು.

“ಅದೂ ರಿಪೇರಿಗೆ ಬಂದೈತೇನ್ರಿ?” ಎಂದು ಕೇಳಿದೆ.

“ಹೌದವಾ,” ಎಂದರು ಅಂಗಡಿಯವರು, ತಲೆ ಎತ್ತದೆ. “ಬಂದು ಹತ್ತು ವರ್ಷಾತು. ಬಿಡಿಸ್ಕೊಂಡು ಹೋಗಾವ್ರು ಯಾರೂ ಬರವಲ್ರು. ನೀ ಒಯ್ತೀಯೇನು?”

ಅವರೇ ನನ್ನ ಮಾಸ್ತರು. ಹದಿನೆಂಟು ವರ್ಷ ನಾಟಕ ಕಂಪನಿಯೊಂದರಲ್ಲಿ ಆ ಪಿಟೀಲನ್ನೇ ನುಡಿಸಿದವರು. ಕಂಪನಿ ಮುಚ್ಚಿದ ಮೇಲೆ ಹೊಲಿಗೆ ಮಶೀನಿನ ಕೆಲಸ ಹಿಡಿದವರು. ಮುಂದಿನ ಐದು ವರ್ಷ ದಿನಾ ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆ, ಆ ಅಂಗಡಿಯ ಚಾಪೆಯ ಮೇಲೆ ನಾನು ಕಲಿತೆ. ಕಮಾನಿನ ಕೂದಲಿಗೆ ಎಣ್ಣೆ ತಾಗಿದರೆ ಅದು ತಂತಿಯ ಮೇಲೆ ಜಾರುತ್ತದೆ, ದನಿ ಹುಟ್ಟುವುದಿಲ್ಲ. ಮಾಸ್ತರ ಕೈಯಲ್ಲಿ ಯಾವಾಗಲೂ ಮಶೀನಿನ ಎಣ್ಣೆ. ಎರಡು ಸಲ ಸೋಪು ಹಚ್ಚಿ ತೊಳೆದು, ಮೂಸಿ ನೋಡಿಕೊಂಡೇ ಅವರು ನನ್ನ ಕಮಾನು ಮುಟ್ಟುತ್ತಿದ್ದರು. ರಿಪೇರಿಯಾದ ಮಶೀನೊಂದನ್ನು ಒಂದೇ ಹದದಲ್ಲಿ ತುಳಿಯುತ್ತ ಕೂರುವರು. ಆ ಟಕಟಕವೇ ನನಗೆ ತಾಳ.

ಮೆಣಸಿನಕಾಯಿಯ ದಿನಗಳಲ್ಲಿ ಬ್ಯಾಡಗಿಯ ಗಾಳಿಯೇ ಘಾಟು. ಉದ್ದ ಕಮಾನು ಎಳೆಯುವಾಗ ಕೆಮ್ಮು ಬರುತ್ತಿತ್ತು, ಕಮಾನು ತಡೆಯುತ್ತಿತ್ತು.

“ಕೆಮ್ಮವಾ, ಯಾರು ಬ್ಯಾಡಂದ್ರು? ಕಮಾನಿಗೇನು ಘಾಟು ಹತ್ತೈತಿ? ಅದ್ಯಾಕ ನಿಂತ್ತು?”

ಮೂರು ವರ್ಷ ಬೇಕಾಯಿತು. ಕೊನೆಗೆ ಎದೆ ಕೆಮ್ಮುತ್ತಿದ್ದರೂ ತೋಳು ತನ್ನ ಪಾಡಿಗೆ ತಾನು ಸಾಗುವುದನ್ನು ಕಲಿಯಿತು.

ಇನ್ನೊಂದನ್ನು ಕಲಿಸಿದ್ದರು. ತಮ್ಮ ಗುರುಗಳ ಹೆಸರು ಹೇಳುವಾಗಲೆಲ್ಲ ಅವರು ಬೆರಳಿನಿಂದ ಕಿವಿಯ ಹಾಲೆ ಹಿಡಿಯುತ್ತಿದ್ದರು. ಸಂಗೀತಗಾರರಲ್ಲಿ ಹಾಗೊಂದು ರೂಢಿ — ಗುರುವಿನ ಹೆಸರನ್ನು ಬರಿಯ ಬಾಯಲ್ಲಿ ಹೇಳಬಾರದು. “ನಾಳೆ ನೀ ದೊಡ್ಡಾಕಿ ಆಗಿ ನನ್ನ ಹೆಸರು ಹೇಳೂ ಮುಂದ ಹಿಂಗಽ ಹಿಡೀತಿ,” ಎಂದು ನಕ್ಕಿದ್ದರು. “ಹಂಗಂತ ಬಾರಿಸೂದು ಬಿಟ್ಟು ಕಿವಿ ಹಿಡಕೊಂಡು ಕುಂದರಬ್ಯಾಡ ಮತ್ತ!”

ಹದಿನಾರು ತುಂಬಿದಾಗ, “ನನ್ನ ಹತ್ರ ಇದ್ದದ್ದು ಮುಗೀತು. ಧಾರವಾಡಕ್ಕ ಹೋಗು,” ಎಂದವರೂ ಅವರೇ. ಅಲ್ಲಿ ಹೆಸರಾಂತ ಪಿಟೀಲುವಾದಕರೊಬ್ಬರಿದ್ದರು. ಅಪ್ಪ ಕರೆದೊಯ್ದರು. ನನಗಿಂತ ಮೊದಲು ಒಬ್ಬ ಹುಡುಗ ನುಡಿಸಿದ. ಅವನು ಮುಗಿಸುವ ಮೊದಲೇ ದೊಡ್ಡ ಗುರುಗಳು ಕೈ ಎತ್ತಿದರು.

“ಇದು ನಾಟಕದ ಕೈ. ತೊಳೀಲಿಕ್ಕೇ ಎರಡು ವರ್ಷ ಬೇಕು. ಹೋಗಿ ಬಾಪಾ.”

ಆಮೇಲೆ ನಾನು. ಹೆದರಿಕೆಗೋ ಏನೋ, ನಡುವೆ ಗಂಟಲು ಕೆರೆದು ಕೆಮ್ಮು ಬಂತು. ಕಮಾನು ನಿಲ್ಲಲಿಲ್ಲ. ದೊಡ್ಡ ಗುರುಗಳು ಮುಂದಕ್ಕೆ ಬಾಗಿದರು.

“ಕೆಮ್ಮಿದರೂ ಕಮಾನು ಅಲುಗಲಿಲ್ಲಲ್ಲ! ಯಾರು ಕಲಿಸ್ಯಾರ ನಿನಗ?”

ಒಂದು ಹೆಸರು. ಹೇಳಬೇಕಾದ್ದು ಅಷ್ಟೇ. ಹೊರಗೆ ಆ ಹುಡುಗ ಚಪ್ಪಲಿ ಹಾಕಿಕೊಳ್ಳುತ್ತಿದ್ದುದು ಕಾಣುತ್ತಿತ್ತು…

“ಯಾರೂ ಇಲ್ರಿ. ರೇಡಿಯೋ ಕೇಳಿ ನಾನಽ ಕಲ್ತೀನ್ರಿ.”

“ದೇವರು ಕೊಟ್ಟದ್ದು ಅಂದ್ರ ಇದು ನೋಡ್ರಿ,” ಎಂದು ಅವರು ಕೂತವರ ಕಡೆ ತಿರುಗಿದರು. ಅಪ್ಪ ನೆಲ ನೋಡುತ್ತಿದ್ದರು. ಹಿಂತಿರುಗುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದರು: “ಹೇಳಿದ್ದು ಹೇಳಿ ಆತು. ಇನ್ನ ಅದನ್ನಽ ಹಿಡಕೊಂಡು ಹೋಗು.” ಅಪ್ಪನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಹಿಡಿದುಕೊಂಡು ಹೋದವಳು ನಾನು.

ಮರುದಿನ ಮಾಸ್ತರು ನನ್ನನ್ನು ಕಂಡವರೇ ಎದ್ದು ನಿಂತರು. “ತಗೊಂಡ್ರಲ್ಲ? ನನ್ನ ಹೆಸರು ಕೇಳಿದ್ರೇನು?”

“ಹೌದ್ರಿ, ಕೇಳಿದ್ರು.”

“ಏನಂದ್ರು?”

“ಕೈ ಛಲೋ ಕೂಡಿಸ್ಯಾರ ಅಂದ್ರು ರೀ.”

ಇದು ಎರಡನೆಯದು. ಮೊದಲನೆಯದಕ್ಕೆ ಹೆದರಿಕೆಯಾದರೂ ಇತ್ತು. ಇದಕ್ಕೆ ಏನಿತ್ತೋ — ಈಗಲೂ ಹುಡುಕುತ್ತೇನೆ. ಮಾಸ್ತರು ಕೈ ತೊಳೆಯದೆಯೇ ಓಡಿ ಹೋಗಿ ಮಂಡಕ್ಕಿ, ಮಿರ್ಚಿ ತಂದರು. ಎದುರಿನ ಟೇಲರಿಗೂ ಕರೆದು ಕೊಟ್ಟರು. “ಧಾರವಾಡದಾಗ ನನ್ನ ಹೆಸರು ಬಂತು ನೋಡಪಾ,” ಎಂದರು. ನಾನು ಮಿರ್ಚಿ ತಿಂದೆ.

ಆರು ತಿಂಗಳಿಗೆ ಪತ್ರಿಕೆಯಲ್ಲಿ ಬಂತು. ಅಷ್ಟರಲ್ಲಿ ಅಪ್ಪನಿಗೆ ಹಾವೇರಿಗೆ ವರ್ಗವಾಗಿತ್ತು. ಅಲ್ಲಿಂದ ಬ್ಯಾಡಗಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯೂ ಅಲ್ಲ. ನಾನು ಹೋಗಲಿಲ್ಲ. ಆ ಪುಟವನ್ನು ಅವರು ಓದಿರಲಿಕ್ಕಿಲ್ಲ ಎಂದು ಎಣಿಸಿಕೊಂಡೆ. ಎದುರಿನ ಟೇಲರ್ ದಿನಾ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದುದನ್ನು ಐದು ವರ್ಷ ಕೇಳಿದವಳು ನಾನು.

ಮತ್ತೆ ಅವರನ್ನು ಕಂಡದ್ದು ಮರುವರ್ಷ, ರಾಣೆಬೆನ್ನೂರಿನಲ್ಲಿ. ನನಗೊಂದು ಸನ್ಮಾನ, ಆಮೇಲೆ ಕಛೇರಿ. ಏರ್ಪಡಿಸಿದವರು ಬೀಜದ ವ್ಯಾಪಾರಿಯೊಬ್ಬರು, ನಾಟಕದ ಹುಚ್ಚಿನ ಹಿರಿಯರು. ಶಾಲು ಹೊದಿಸಿ, ಮೈಕಿನಲ್ಲಿ ಮಾತನಾಡುತ್ತಿದ್ದವರು ಸಭೆಯತ್ತ ನೋಡಿ ತಟ್ಟನೆ ನಿಲ್ಲಿಸಿದರು. ಮಾಸ್ತರ ಹೆಸರು ಹಿಡಿದು ಕೂಗಿದರು.

“ಮಾಸ್ತರ, ನೀವು ಇಲ್ಲಿ ಹಿಂದ ಕುಂತೀರಲ್ರೀ! ಈ ಕೂಸೂ ಬ್ಯಾಡಗ್ಯಾಗಽ ಇತ್ತಂತ. ಖರೇ ಹೇಳ್ರಿ, ನಿಮ್ಮ ಹತ್ರ ಕಲ್ತಿಲ್ಲೇನು?”

ಅವರ ಹೆಸರು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ಎದ್ದಿತು. ನಾನು ಎತ್ತಿದ್ದಲ್ಲ. ಕೆಮ್ಮಿದರೂ ನಿಲ್ಲದ ಕಮಾನಿನ ಹಾಗೆ, ಅದು ತಾನೇ ಹೋಗಿ ಕಿವಿಯ ಹಾಲೆ ಹಿಡಿಯಿತು. ಹಿಂದಿನ ಸಾಲಿನಲ್ಲಿ ಮಾಸ್ತರು ಎದ್ದು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರ ಕಣ್ಣು ನನ್ನ ಕೈಯ ಮೇಲಿತ್ತು. ಆ ಮುಖದಲ್ಲಿ — ಇಲ್ಲ, ಅದನ್ನು ವರ್ಣಿಸುವ ಅಧಿಕಾರ ನನಗಿಲ್ಲ.

ನಾನು ಬೆರಳನ್ನು ಒಂದಿಷ್ಟು ಕೆಳಗಿಳಿಸಿ, ಝುಮಕಿ ಸರಿಮಾಡಿಕೊಂಡೆ.

ಸಭೆಯಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಹುಡುಗಿಯೊಬ್ಬಳು ಓಲೆ ಮುಟ್ಟಿಕೊಂಡಳು, ಅಷ್ಟೇ. ಅವರಿಗೆ ಕಂಡಿತು.

“ಇಲ್ರೀ,” ಎಂದರು ಮಾಸ್ತರು. “ಅವರವ್ವನ ಹೊಲಿಗಿ ಮಶೀನು ರಿಪೇರಿಗೆ ಬರತಿತ್ತು. ಒಯ್ಯಾಕ ಬರತಿದ್ಲು. ಅಷ್ಟಽ.”

ಜನ ನಕ್ಕರು. ಮಾಸ್ತರೂ ನಕ್ಕು ಕುಳಿತರು. ನಾನು ನುಡಿಸಲು ಕೂತು ತಂತಿ ಹದ ಮಾಡಿಕೊಳ್ಳುವಷ್ಟರಲ್ಲಿ ಆ ಕುರ್ಚಿ ಖಾಲಿಯಿತ್ತು.

ಮುಂದಿನ ವಾರ ಬ್ಯಾಡಗಿಗೆ ಹೋದೆ. ಏನು ಹೇಳಬೇಕೆಂದು ಹೋದೆನೋ… ನನ್ನ ಸುಳ್ಳನ್ನು ಉಳಿಸಿದ್ದಕ್ಕೆ ಉಪಕಾರ ಹೇಳಲೋ, ಕಾಲು ಹಿಡಿಯಲೋ. ಅವರು ಒಂದು ಮಶೀನಿನ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದರು. ತಲೆ ಎತ್ತಿ ನೋಡಿದರು. ಐದು ವರ್ಷ ‘ನೀ’, ‘ಹೋಗು’, ‘ಬಾರವಾ’ ಎಂದ ಬಾಯಿ —

“ಬರ್ರಿ. ಯಾವ ಮಶೀನ್ರೀ?”

ಗಿರಾಕಿಗೆ ಕೇಳುವಂತೆ ಕೇಳಿದರು. ಅದರಲ್ಲಿ ಸಿಟ್ಟೂ ಇರಲಿಲ್ಲ. ನಾನು ನಿಂತೆ. ಅವರು ಕಾದರು. ಆಮೇಲೆ ಮತ್ತೆ ಮಶೀನಿಗೆ ಬಾಗಿದರು. ಗೋಡೆಯ ಮೇಲೆ ಪಿಟೀಲು ಸುತ್ತಿದ ಲುಂಗಿಯ ಗಂಟು ಬಿಗಿಯಾಗಿತ್ತು.

ಈಗ ಇದಕ್ಕಿಂತ ನಾಚಿಕೆಯದನ್ನು ಹೇಳುತ್ತೇನೆ. ಬಹಳ ಕಾಲ ಮೋಸಹೋದವಳು ನಾನೇ ಎಂದು ತಿಳಿದಿದ್ದೆ. ತುಂಬಿದ ಸಭೆಯಲ್ಲಿ ಮಾಸ್ತರು ನನ್ನನ್ನು ಬಿಟ್ಟುಕೊಟ್ಟರು, ಅಂಗಡಿಯ ಬಾಗಿಲಿಗೆ ಹೋದರೆ ಪರಕೀಯಳಂತೆ ಮಾತನಾಡಿಸಿದರು — ಹೀಗೆಂದು ಹಾಸ್ಟೆಲ್ಲಿನ ಕೋಣೆಯಲ್ಲಿ ಅತ್ತದ್ದುಂಟು. ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದಿದೆ, ಎಲ್ಲವನ್ನೂ ಅಳೆದು ತೂಗಿ ಬರೆಯುವುದನ್ನು ಕಲಿತೆ. ಇದೊಂದನ್ನು ಮಾತ್ರ ತಿರುವುಮುರುವಾಗಿಯೇ ಇಟ್ಟುಕೊಂಡೆ. ದೊಡ್ಡ ಗುರುಗಳ ಪಾಠ ಎರಡು ವರ್ಷಕ್ಕೆ ನಿಂತಿತು. ಅವರು ಬಿಡಲಿಲ್ಲ, ನಾನೇ ಬಿಟ್ಟೆ. ‘ದೇವರು ಕೊಟ್ಟ ಕಮಾನು’ ಎಂದು ಅವರು ಹೊಸಬರಿಗೆ ತೋರಿಸುವಾಗಲೆಲ್ಲ ನನಗೆ ಸೋಪಿನ ವಾಸನೆ ಬರುತ್ತಿತ್ತು.

ಕಳೆದ ವರ್ಷ ಹಾವೇರಿಯಲ್ಲಿ, ನಾನು ಪಾಠ ಮಾಡುವ ಕಾಲೇಜಿನಲ್ಲಿ, ಬ್ಯಾಡಗಿಯ ಒಬ್ಬ ತಾಯಿ, ನಾನು ಪಿಟೀಲು ಕಲಿಸುವೆನೇನೋ ಎಂದು, ಮಗಳೊಂದಿಗೆ ಬಂದರು. “ನಮ್ಮೂರಾಗ ಪಿಟೀಲು ಕಲಸಾವ್ರು ಯಾರೂ ಇಲ್ರಿ ಮೇಡಂ. ಮಶೀನ್ ರಿಪೇರಿ ಮಾಸ್ತರ ಒಬ್ರು ಅದಾರ, ಕೇಳಿದ್ರ ‘ನಾ ಯಾರಿಗೂ ಕಲಿಸಿಲ್ರಿ’ ಅಂತಾರ.”

ನನ್ನ ಸುಳ್ಳನ್ನು ಅವರು ಇನ್ನೂ ಕಾಯುತ್ತಿದ್ದರು. ಅದು ಬಯಲಾಗದಂತೆ, ನನ್ನ ನಂತರ ಯಾರಿಗೂ ಕಲಿಸದೆ. ನಾನು ಒಂದು ಹೆಸರನ್ನು ಮುಚ್ಚಿಟ್ಟೆನೆಂದು ತಿಳಿದಿದ್ದೆ. ಒಬ್ಬ ಮನುಷ್ಯನ ವಿದ್ಯೆಯನ್ನೇ ಮೊಳೆಗೆ ತೂಗುಹಾಕಿ ಬಂದಿದ್ದೆ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ಕೊಡುವ ಭಾರವೂ ಅವರ ಮೇಲೆಯೇ ಬೀಳುತ್ತದೆ. ಇದು ಅಚ್ಚಾದ ದಿನ ಪತ್ರಿಕೆ ಹಿಡಿದು, ಆ ತಾಯಿ ಮಗಳನ್ನೂ ಕರೆದುಕೊಂಡು ಆ ಅಂಗಡಿಗೆ ಹೋಗುತ್ತೇನೆ. “ಯಾವ ಮಶೀನ್ರೀ?” ಎಂದರೆ ಎನ್ನಲಿ. ಎದುರಿನ ಟೇಲರ್ ಇದ್ದರೆ ಗಟ್ಟಿಯಾಗಿ ಓದಲಿ.

ನನಗೆ ಪಿಟೀಲು ಕಲಿಸಿದವರು ಬ್ಯಾಡಗಿಯ ಹೊಲಿಗೆ ಮಶೀನ್ ರಿಪೇರಿಯ ಶ್ರೀ ನಾಗಪ್ಪ ಬಾರ್ಕಿ ಮಾಸ್ತರು. ಈ ಸಾಲನ್ನು ಬಲಗೈಯಲ್ಲಿ ಬರೆದಿದ್ದೇನೆ. ಎಡಗೈ ಕಿವಿಯ ಮೇಲಿದೆ.