ಕೊನೆಯ ಸ್ಥಾನಕ್ಕೆ ಪಟ್ಟ ಪಾಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಟವಾಡಿಯ ನಮ್ಮ ಫುಟ್‌ಬಾಲ್ ತಂಡ ಇಡೀ ಒಂದು ಸೀಸನ್ ಬೇಕೆಂದೇ ಸೋತಿತಲ್ಲ, ಆ ದಿವ್ಯ ಐಡಿಯಾ ನನ್ನದು. ಬೇರೆ ಯಾರ ತಲೆಗಾದರೂ ಕಟ್ಟೋಣವೆಂದು ಬಹಳ ಸಲ ಪ್ರಯತ್ನಪಟ್ಟೆ. ನಮ್ಮೂರಿನಲ್ಲಿ ಅಷ್ಟು ದಡ್ಡ ಎಂದು ನಂಬಿಸಬಹುದಾದ ಇನ್ನೊಬ್ಬ ಸಿಗಲಿಲ್ಲ.

ಇದೆಲ್ಲ ನೆನಪಾದದ್ದು ಒಂದು ವಾಸನೆಯಿಂದ. ನಾನು ಕೂರುವುದು ಸೋದರಮಾವನ ಮೆಡಿಕಲ್ ಸ್ಟೋರಿನಲ್ಲಿ. ಮೊನ್ನೆ ಸಂಜೆ ಹಿರಿಯರೊಬ್ಬರು ನೋವಿನ ಸ್ಪ್ರೇ ಕೇಳಿದರು. ಕೊಳ್ಳುವ ಮೊದಲೇ ಪಂಚೆ ಎತ್ತಿ ಮಂಡಿಗೆ ಭರ್ರೆಂದು ಹೊಡೆದು ನೋಡಿ, "ಇದು ಆಗ್ಬರಲ್ಲ ಬುಡಪ್ಪ" ಎಂದು ಹೊರಟೇಹೋದರು. ಅವರ ದನಿಯನ್ನು ಮಾವನಿಗೆ ಅನುಕರಿಸಿ ತೋರಿಸಬೇಕೆಂದು ಬಾಯಿ ತೆರೆದೆ. ಅಂಗಡಿ ತುಂಬಿದ ಘಾಟು ನೇರ ಮೂಗಿಗೆ ಹೋಯಿತು. ನಿಮಗೆ ಆ ವಾಸನೆಯಿಂದ ಬೆನ್ನುನೋವು ನೆನಪಾಗಬಹುದು. ನನಗೆ ನೆನಪಾಗುವುದು ಮರಳೂರಿನ ಮೈದಾನ ಮತ್ತು ಚೆಂಡಿನೇಟು ತಿಂದ ನನ್ನ ಮೂಗು.

ತುಮಕೂರಿನಲ್ಲಿ ಫುಟ್‌ಬಾಲ್ ಆಡುವವರೆಂದರೆ ಕ್ರಿಕೆಟ್ಟಿನವರು ಮೈದಾನ ಬಿಟ್ಟುಕೊಡುವವರೆಗೆ ಕಾಯುವ ಜನ. ಆದರೂ ನಮ್ಮದೊಂದು ಭಾನುವಾರದ ಲೀಗಿದೆ. ಬಟವಾಡಿ, ಮರಳೂರು, ಗುಬ್ಬಿ, ಕುಣಿಗಲ್, ಹೀಗೆ ಕೆಲವು ತಂಡಗಳು. ನಡೆಸುವವರು ನಿವೃತ್ತ ಪಿ.ಟಿ. ಮೇಷ್ಟ್ರು. ಮದುವೆ ಊಟಕ್ಕೂ ಕೊರಳಲ್ಲಿ ವಿಶಲ್ ನೇತುಹಾಕಿಕೊಂಡು ಬರುವ ಮನುಷ್ಯ. ಹೊಸದಾಗಿ ಆಡಲು ಬರುವವರು, ತಂಡ ಬಿಟ್ಟವರು, ಎಲ್ಲರೂ ಅವರ ಹತ್ತಿರ ಹೆಸರು ಕೊಡಬೇಕು. ಸೀಸನ್ ಮುಗಿದ ಮೇಲೆ ತಂಡಗಳು ಆ ಪಟ್ಟಿಯಿಂದ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ಕೊನೆಯ ಸ್ಥಾನಕ್ಕೆ ಬಂದ ತಂಡಕ್ಕೆ ಮೊದಲ ಆಯ್ಕೆ. "ಪಾಪ, ಸೋತೋರೂ ಒಂದಿನ ಗೆಲ್ಲಲಿ ಕಣ್ರಯ್ಯ" ಎಂಬುದು ಮೇಷ್ಟ್ರ ದೊಡ್ಡ ಮನಸ್ಸು. ದೊಡ್ಡ ಮನಸ್ಸಿನಿಂದ ಮಾಡಿದ ಕಾನೂನಿನಲ್ಲಿ ನುಸುಳಲು ನನ್ನಂಥವನಿಗೆ ಎಷ್ಟು ಹೊತ್ತು ಬೇಕು?

ಆ ವರ್ಷ ಕುಣಿಗಲ್ಲಿನ ಯೋಗೀಶ ಓದು ಮುಗಿಸಿ ಊರಿಗೆ ಬರುತ್ತಾನೆ, ಮುಂದಿನ ಸೀಸನ್‌ಗೆ ಹೆಸರು ಕೊಡುತ್ತಾನೆ ಎಂಬ ಸುದ್ದಿ ಹಬ್ಬಿತು. ಓಡಿದರೆ ಅವರೂರಿನ ಸ್ಟಡ್ ಫಾರ್ಮಿನ ರೇಸ್ ಕುದುರೆಗಳೇ ನಿಂತು ನೋಡಬೇಕು, ಅಂಥ ಆಟಗಾರ. ಅದೇ ವಾರ ನಾನು ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಹೊರದೇಶದಲ್ಲಿ ದೊಡ್ಡ ದೊಡ್ಡ ತಂಡಗಳೇ ಒಳ್ಳೆಯ ಹುಡುಗ ಸಿಗಲೆಂದು ಬೇಕೆಂದೇ ಸೋಲುತ್ತವಂತೆ. ಹಾಗೆ ಸೋತವರು ಆಮೇಲೆ ಉದ್ಧಾರವಾದರೋ ಇಲ್ಲವೋ ಎಂಬುದು ವಿಡಿಯೊದ ದ್ವಿತೀಯಾರ್ಧದಲ್ಲಿತ್ತು. ಅಷ್ಟರಲ್ಲಿ ನನ್ನ ಡೇಟಾ ಮುಗಿಯಿತು.

ಅರ್ಧ ಜ್ಞಾನವನ್ನು ನನ್ನ ದನಿಯಲ್ಲಿ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಟೀವಿಯಲ್ಲಿ ಕೋಟು ತೊಟ್ಟು ಕೂರುವ ಪರಿಣತರ ದನಿಯಲ್ಲಿ ಹೇಳಿದೆ: "ನೋಡಿ, ದೀರ್ಘಾವಧಿಯ ದೃಷ್ಟಿಯಿಂದ ಇಂದಿನ ಸೋಲೇ ನಾಳಿನ ಬಂಡವಾಳ." ನಮ್ಮ ಕ್ಯಾಪ್ಟನ್ ಲೋಕೇಶಣ್ಣ ಆಟೊ ಓಡಿಸುವವನು. ಇಪ್ಪತ್ತು ರೂಪಾಯಿಯ ದಾರಿಗೆ ಮೂವತ್ತು ಕೇಳುವುದರಲ್ಲಿ ನಿಸ್ಸೀಮ. ಅಂಥ ಬುದ್ಧಿವಂತನೂ ತಲೆದೂಗಿ, "ಫಾರಿನ್ನೋರೇ ಮಾಡ್ತಾವ್ರೆ ಅಂದ್ಮೇಲೆ ಏನೋ ಇರ್ಬೇಕು ಕಣ್ರಲಾ" ಎಂದ.

ತಲೆದೂಗದವನು ಒಬ್ಬನೇ, ಗೋಲ್‌ಕೀಪರ್ ಗಂಗಾಧರ. ಹೆಬ್ಬೂರಿನವನು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದ. ವಾರವಿಡೀ ಹಸುಗಳ ಹಿಂದೆ ಇರುವ ಅವನಿಗೆ ಭಾನುವಾರದ ಆ ಎರಡು ಕಂಬಗಳ ನಡುವಿನ ಜಾಗವೊಂದೇ ತನ್ನದು.

"ಬಿಟ್ಕೊಡು ಅಂದ್ರೆ ಎಂಗಣ್ಣ?" ಎಂದ. "ಬಾಲ್ ಬಂದ್ರೆ ಕೈ ತಾನಾಗೇ ಹೋಯ್ತದೆ. ಹಗ್ಗ ಹಾಕಿ ಕಟ್ಕೊಳ್ಳಾನ?"

ಲೋಕೇಶಣ್ಣ ಅವನನ್ನು ಬೆಂಚಿನ ಮೇಲೆ ಕೂರಿಸಿದ. ಅವನ ಜಾಗಕ್ಕೆ, ಅದುವರೆಗೆ ಕಾಮೆಂಟರಿಯ ಮೈಕ್ ಹಿಡಿದು ಎಲ್ಲರನ್ನೂ ಆಡಿಕೊಳ್ಳುತ್ತಿದ್ದ ನನ್ನನ್ನು ನಿಲ್ಲಿಸಿದ. ನನಗೆ ಆಡಲು ಬರುವುದಿಲ್ಲವೆಂದು ಗೋಗರೆದೆ. "ಅದಕ್ಕೇ ನಿನ್ನ ಹಾಕಿರೋದು. ನೀನಿದ್ರೆ ಬೇಕಂತ ಸೋಲೋ ಪಾಪ ನಮಗೆ ತಟ್ಟಲ್ಲ, ತಾನಾಗೇ ಆಯ್ತದೆ" ಎಂದ.

ಸೋಲುವುದು ಸುಲಭವೆಂದು ನೀವು ತಿಳಿದಿರಬಹುದು. ಮರಳೂರಿನವರ ಮೇಲಿನ ಪಂದ್ಯದಲ್ಲಿ ಚೆಂಡು ನನ್ನತ್ತ ಬಂತು. ಯೋಜನೆಯ ಪ್ರಕಾರ ಕಣ್ಣು ಮುಚ್ಚಿ ನಿಂತೆ. ಚೆಂಡು ಮೂಗಿಗೆ ಬಡಿದು ಹೊರಗೆ ಹೋಯಿತು. ಜನ ಶಿಳ್ಳೆ ಹೊಡೆದರು. ಲೋಕೇಶಣ್ಣ ಓಡಿಬಂದು, "ಯಾಕ್ಲಾ ತಡ್ದೆ?" ಎಂದು ಬೈದ.

"ನಾನ್ ತಡೀಲಿಲ್ಲ ಕಣಣ್ಣ, ಮೂತಿ ಅಡ್ಡ ಇತ್ತು."

ಪೆಟ್ಟಿನ ಮೇಲೆ ಯಾರೋ ಪುಣ್ಯಾತ್ಮ ಸ್ಪ್ರೇ ಹೊಡೆದ. ಕಣ್ಣು, ಮೂಗು, ಬಾಯಿ ಎಲ್ಲ ಉರಿದು, ಉಳಿದ ಗೋಲುಗಳನ್ನು ಪ್ರಾಮಾಣಿಕವಾಗಿಯೇ ಬಿಟ್ಟೆ. ಗುಬ್ಬಿಯಲ್ಲಿ ಆಡಿದ ದಿನ ಬೇಲಿಯ ಆಚೆಯಿಂದ ಹೆಂಗಸೊಬ್ಬರು, "ಬಟವಾಡಿಯೋರು ಬಾಗ್ಲೇ ಹಾಕ್ಕಳಲ್ವೇನ್ರಪ್ಪೋ!" ಎಂದು ಕೂಗಿದರು. ನಾವು ದೀರ್ಘಾವಧಿಯ ನಗು ನಕ್ಕೆವು. ಗಂಗ ನಗಲಿಲ್ಲ. ಆಡಿಸುವುದಿಲ್ಲವೆಂದು ಗೊತ್ತಿದ್ದೂ ಅವನು ಬರುತ್ತಿದ್ದ. ನೀರಿನ ಡ್ರಮ್ಮಿನ ಪಕ್ಕ ಎರಡೂ ಕೈಗೆ ಗ್ಲೌಸ್ ಹಾಕಿಕೊಂಡೇ ಕೂರುತ್ತಿದ್ದ. ನಾನು ಗೋಲು ಬಿಟ್ಟಾಗಲೆಲ್ಲ ಅವನ ಕೈ ಮೊಣಕಾಲಿನ ಮೇಲಿಂದ ಒಂದಿಷ್ಟು ಮೇಲೇಳುತ್ತಿತ್ತು. ಅದನ್ನೂ ನಾನು ಅನುಕರಿಸಿ ಎಲ್ಲರನ್ನೂ ನಗಿಸಿದ್ದೇನೆ.

ಅಂತೂ ಕೊನೆಯ ಸ್ಥಾನಕ್ಕೆ ಬಂದೆವು. ಆ ಸಂಭ್ರಮಕ್ಕೆ ತಟ್ಟೆ ಇಡ್ಲಿ ತಿಂದೆವು. ಕಪ್ ಗೆದ್ದವರೂ ಅಷ್ಟು ಮೆರೆದಿರಲಾರರು. ಆಯ್ಕೆಯ ದಿನ ಮೇಷ್ಟ್ರು ವಿಶಲ್ ಊದಿದ್ದೇ ತಡ, ಒಕ್ಕೊರಲಿನಿಂದ "ಯೋಗೀಶ!" ಎಂದು ಕಿರುಚಿದೆವು. ನಾವು ಕಿರುಚುತ್ತಿದ್ದ ಗದ್ದಲದಲ್ಲೇ ಮೇಷ್ಟ್ರು ಇನ್ನೊಂದು ಹೆಸರು ಓದಿದರು. ಗಂಗಾಧರ, ಹೆಬ್ಬೂರು. ನಮ್ಮ ತಂಡ ಬಿಟ್ಟು ಹೆಸರು ಕೊಟ್ಟಿದ್ದ. ಗುಬ್ಬಿಯವರು ಅವನನ್ನು ಆರಿಸಿಕೊಂಡರು. ಲೋಕೇಶಣ್ಣ, "ಹೋದ್ರೆ ಹೋಗ್ಲಿ ಬುಡು" ಎಂದ.

ಯೋಗೀಶನ ಬಗ್ಗೆ ತಪ್ಪು ಹೇಳುವಂತಿಲ್ಲ. ಗೋಲು ಹೊಡೆದ. ಹೊಡೆಯುತ್ತಲೇ ಇದ್ದ. ಆದರೆ ಒಂದು ವರ್ಷ ಪಕ್ಕಕ್ಕೆ ಸರಿದು ಅಭ್ಯಾಸವಾಗಿದ್ದ ನಮ್ಮವರು, ಎದುರಾಳಿ ಬಂದರೆ ಬಸ್ಸಿನಲ್ಲಿ ಬಾಣಂತಿಗೆ ಸೀಟು ಬಿಡುವವರಂತೆ ವಿನಯದಿಂದ ದಾರಿ ಬಿಡುತ್ತಿದ್ದರು. ಅವರ ಹಿಂದೆ, ಬೇರೆ ಗತಿಯಿಲ್ಲದೆ, ನಾನು. ಈ ಸಲ ಕಣ್ಣು ಬಿಟ್ಟುಕೊಂಡೇ ನಿಂತಿದ್ದೆ. ಫಲಿತಾಂಶದಲ್ಲಿ ವ್ಯತ್ಯಾಸವೇನೂ ಆಗಲಿಲ್ಲ. ಒಂದು ದಿನ ಯೋಗೀಶ ಸೊಂಟದ ಮೇಲೆ ಕೈಯಿಟ್ಟು, "ಅಣ್ಣ, ನಾನೊಂದು ಹೊಡೆದು ತಿರುಗಿ ನೋಡೋಷ್ಟರಲ್ಲಿ ನೀವು ಎರಡು ಕೊಟ್ಟಿರ್ತೀರಲ್ಲ, ನಾನು ಯಾರ ಕಡೆ ಆಡ್ತಾ ಇದೀನಿ?" ಎಂದ. ಸೀಸನ್ ಮುಗಿಯುತ್ತಲೇ ಅವನೂ ತಂಡ ಬಿಟ್ಟ. ನಾವು ಮತ್ತೆ ಕೊನೆ. ಈ ಸಲ ಬೇಕೆಂದಲ್ಲ, ಗೆಲ್ಲಲು ಬೆವರು ಸುರಿಸಿ ಕೊನೆ. ಕಪ್ ಗುಬ್ಬಿಯವರಿಗೆ ಹೋಯಿತು. ಅವರಿಗೆ ಗೋಲು ಹೊಡೆಯುವವರು ಅಷ್ಟೇನೂ ಇರಲಿಲ್ಲ. ಬಿಡದವನೊಬ್ಬನಿದ್ದ.

ಅದು ಮುಗಿದು ಇನ್ನೂ ಹೆಚ್ಚು ದಿನವಾಗಿಲ್ಲ. ಮೊನ್ನೆ ಸಂಜೆ ಆ ಸ್ಪ್ರೇ ಘಾಟು ಆರುವ ಮೊದಲೇ ಅಂಗಡಿಗೆ ಗಂಗ ಬಂದ. ಮಣಿಕಟ್ಟಿಗೆ ಸುತ್ತಲು ಕ್ರೇಪ್ ಬ್ಯಾಂಡೇಜ್ ಬೇಕಿತ್ತು. ಹೆಬ್ಬೂರಿನಿಂದ ಗುಬ್ಬಿಗೆ ಎರಡು ಬಸ್ಸು ಹತ್ತಿಳಿದು ಸಾಕಾಗಿ, ಅವನೂ ಆ ತಂಡ ಬಿಟ್ಟು ಮತ್ತೆ ಮೇಷ್ಟ್ರಿಗೆ ಹೆಸರು ಕೊಟ್ಟಿದ್ದಾನೆಂದು ಕೇಳಿದ್ದೆ. ಇಷ್ಟು ದಿನ ಅವನನ್ನು ಕಂಡರೆ ಅವನದೇ ದನಿಯಲ್ಲಿ ಮಾತಾಡಿಸಿ ಕಾಡುತ್ತಿದ್ದವನು, ಅವತ್ತು ನನ್ನ ಸ್ವಂತ ದನಿಯನ್ನು ಹುಡುಕಿ ತೆಗೆದೆ. ಅದು ಸ್ವಲ್ಪ ಕೀರಲು ಎಂದು ಆಗಲೇ ಗೊತ್ತಾದದ್ದು.

"ಗಂಗ, ಈ ಸಲಾನೂ ನಾವೇ ಕೊನೆ ಕಣೋ. ಮೊದಲ ಆಯ್ಕೆ ನಮ್ದೇ. ನಿನ್ನೇ ಆರಿಸ್ಕೋತೀವಿ, ಬಂದ್ಬುಡು."

ಅವನು ಬ್ಯಾಂಡೇಜನ್ನು ಜೇಬಿಗಿಟ್ಟುಕೊಂಡು, ಮೆಟ್ಟಿಲಿಳಿದು ಹೋಗುವ ಮುಂಚೆ ಹೇಳಿದ:

"ನನ್ನ ಇಟ್ಕಳಕ್ಕೆ ನೀವು ಎರಡು ವರ್ಸ ಕೊನೇಗೆ ಬರ್ಬೇಕಾಗಿರ್ಲಿಲ್ಲ ಕಣ್ಲಾ, ಬೆಂಚಿಂದ ಏಳ್ಸಿದ್ರೆ ಸಾಕಿತ್ತು."