ಸುಶೀಲಾಳ ಭಾಷಣದ ತಾಲೀಮು

ಧಾರವಾಡದ ರೈಲಿಗೆ ಇನ್ನೂ ಹೊತ್ತಿತ್ತು. ಪುಣೆಯ ಶಿವಾಜಿನಗರದ ಕೋರ್ಟಿನ ಹಿಂದಿನ ಓಣಿಯಲ್ಲಿ ಗೆಳತಿ ಸುಶೀಲಾ ಸಿಗುತ್ತಾಳೆ ಎಂದು ಗೊತ್ತಿದ್ದರಿಂದ ಅಲ್ಲಿಗೆ ಹೋದೆ. ಮೊದಲು ಹೊಲಿಗೆ ಅಂಗಡಿಯಾಗಿದ್ದ ಒಂದೇ ಕೋಣೆ ಈಗ ಪಕ್ಷದ ಕಚೇರಿ. ಎಡವೂ ಬೇಡ, ಬಲವೂ ಬೇಡ, ನಡುವಿನ ದಾರಿ ಸಾಕು ಎಂದು ಅವಳ ಗಂಡ ವಸಂತರಾಯರು ನಾಲ್ಕಾರು ಗೆಳೆಯರನ್ನು ಸೇರಿಸಿ ಕಟ್ಟಿದ ಪಕ್ಷ ಅದು. ಮೊದಲ ಚುನಾವಣೆಗೆ ಅವರೇ ನಿಲ್ಲುವವರಿದ್ದರು. ಕಳೆದ ತಿಂಗಳು ಮನೆಮನೆಗೆ ತಿರುಗುವಾಗ ಎದೆನೋವು ಬಂದು ತೀರಿಕೊಂಡರು. ಗೋಡೆಯ ಪೋಸ್ಟರುಗಳಲ್ಲಿ ಇನ್ನೂ ಅವರದೇ ಮುಖ. ಅಭ್ಯರ್ಥಿ ಮಾತ್ರ ಈಗ ಸುಶೀಲಾ.

ಕಾರ್ಯಕರ್ತರು ಅವಳಿಗೆ ಮರಾಠಿ ಭಾಷಣದ ತಾಲೀಮು ಮಾಡಿಸುತ್ತಿದ್ದರು. "ಮಾಝೇ ಪತೀ ಮ್ಹಣತಾತ" ಎಂದು ಶುರುಮಾಡಿದಳು. ನನ್ನ ಗಂಡ ಹೇಳುತ್ತಾರೆ, ಎಂದು.

"ವಹಿನಿ, ಮ್ಹಣಾಯಚೇ" ಎಂದು ಹಿರಿಯರೊಬ್ಬರು ಮೆಲ್ಲಗೆ ತಿದ್ದಿದರು. ಅತ್ತಿಗೆ, ಹೇಳುತ್ತಿದ್ದರು ಎನ್ನಬೇಕು, ಎಂದು. ಅವಳು ತಲೆಯಾಡಿಸಿ ಮತ್ತೆ "ಮ್ಹಣತಾತ" ಎಂದೇ ಅಂದಳು. ಇನ್ನೊಮ್ಮೆ ಹೇಳಿಸಿದರೂ ಹಾಗೆಯೇ ಆಯಿತು. ಹಿರಿಯರು ಇರಲಿ ಬಿಡಿ ಎಂದು ಮುಂದಿನ ಸಾಲಿಗೆ ಹೋದರು.

ಚಹಾ ಬಂದಾಗ ನನ್ನ ಪಕ್ಕ ಬಂದು ಕುಳಿತಳು. ಮದುವೆಯಾದಾಗಿನಿಂದ ಪುಣೆಯಲ್ಲೇ ಇರುವವಳು. ತರಕಾರಿ ಮಾರುವವರ ಜೊತೆ ಅಪ್ಪಟ ಮರಾಠಿಯಲ್ಲಿ ಅವಳು ಜಗಳವಾಡುವುದನ್ನು ನಾನೇ ಕೇಳಿದ್ದೇನೆ. ಅವಳ ಕೈ ಹಿಡಿದುಕೊಂಡೆ.

"ನನಗ ಮರಾಠಿ ಸರಿ ಬರೂದಿಲ್ಲ ಅಂತ ತಿಳ್ಕೊಂಡಾರ" ಎಂದಳು ಕನ್ನಡದಲ್ಲಿ. "ಹಂಗ ತಿಳ್ಕೊಳ್ಳಲಿ ಬಿಡು."